ಗುರುವಾರದ ಹೆಸರುಗಳು

ಹಳಿಯಾಳ
14 ನವೆಂಬರ್ 2025, ಶುಕ್ರವಾರ

ಮೌನೇಶ ಅವರಿಗೆ,

ದಾನೇಶ್ವರಿಯ ನಮಸ್ಕಾರ. ನೀವು ಆರಾಮ ಇದ್ದೀರೆಂದು ನಿಮ್ಮ ತಮ್ಮ ಉಳವಪ್ಪ ಹೇಳಿದ. ನನ್ನ ಬಗ್ಗೆ ನಿಮಗೆ ಏನು ಹೇಳಿದ್ದಾನೋ ಅದನ್ನೇ ನಿಜವೆಂದು ಇಟ್ಟುಕೊಳ್ಳಿ.

ವಕೀಲರ ಲಕೋಟೆ ಸೋಮವಾರ ಬಂತು. ಸ್ಪೀಡ್ ಪೋಸ್ಟ್ ಆದ್ದರಿಂದ ಅಂಚೆಯವನು ಬಾನುಲಿ ಕೇಂದ್ರದ ಒಳಗೇ ಬಂದು ಸಹಿ ಹಾಕಿಸಿಕೊಂಡ. ಈ ವಿಳಾಸಕ್ಕೆ ಟಪಾಲು ಬಂದು ಬಹಳ ದಿನವಾಗಿತ್ತು. "ಹಾಡಿನ ಕೋರಿಕಿ ಏನ್ರೀ ಬಾಯಾರ?" ಎಂದು ನಗುತ್ತಾ ಕೇಳಿದ. ಒಂದು ರೀತಿಯಿಂದ ಹೌದು ಅಂದೆ.

ಕಾಗದಗಳಲ್ಲಿ ಏಳು ಕಡೆ ಪೆನ್ಸಿಲಿನಿಂದ ಗುರುತು ಹಾಕಿದ್ದಾರೆ. ಇಬ್ಬರೂ ಒಪ್ಪಿ ಬೇರೆಯಾಗುತ್ತಿದ್ದೇವೆ, ಒಂಬತ್ತು ವರ್ಷದಿಂದ ಒಟ್ಟಿಗೆ ಇಲ್ಲ ಎಂದು ಬರೆದಿದೆ. ಸುದ್ದಿ ಓದುವ ಮೊದಲು ನಾನು ಯಾವಾಗಲೂ ಮಾಡುವಂತೆ ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಬಾಯಿಬಿಟ್ಟು ಓದಿದೆ. ತಪ್ಪಿಲ್ಲ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದೂ ತಿಳಿಯಿತು. ಆದರೆ ಅದರಲ್ಲಿರುವ ಇಬ್ಬರ ಪರಿಚಯ ನನಗಾಗಲಿಲ್ಲ.

ಜೊತೆಗೆ ನಿಮ್ಮ ಕೈಬರಹದ ಒಂದು ಚೀಟಿ: "ಬಾನುಲಿ ಬಂದ್ ಆಗುತ್ತದಂತೆ. ಇನ್ನೇನು ಅಡ್ಡಿ?"

ಇದಕ್ಕೆ ಉತ್ತರ ಫೋನಿನಲ್ಲಿ ಕೊಡಬಹುದಿತ್ತು. ಆದರೆ ಫೋನು ಹಿಡಿದ ಕೂಡಲೆ ನನ್ನ ದನಿ ಬದಲಾಗುತ್ತದೆ. ಹದಿನಾಲ್ಕು ವರ್ಷ ಮೈಕಿನ ಮುಂದೆ ಕೂತದ್ದರ ಫಲ. ಎಂಥ ಸಂಗತಿಯನ್ನೂ ಶುಭ ಸಂಜೆ ಎಂಬಂತೆ ಹೇಳಿಬಿಡುತ್ತೇನೆ. ನೀವೇ ಒಮ್ಮೆ, ನೀ ನನ್ನ ಕೂಡ ಮಾತಾಡ್ತಿಯೋ ತಾಲೂಕಿನ ಕೂಡ ಮಾತಾಡ್ತಿಯೋ ಎಂದು ಕೇಳಿದ್ದಿರಿ.

ಬಂದ್ ಆಗುವುದು ನಿಜ. ಇದೇ 27ರಂದು ಕೊನೆಯ ಗುರುವಾರ. ಮಾರನೆಯ ದಿನ ಟವರ್ ಇಳಿಸುತ್ತಾರೆ. ಬಾನುಲಿ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಕರಿಬಸಪ್ಪನವರು ಹೋದ ವಾರ ಬಂದು, ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಮೊಬೈಲಿನಲ್ಲಿ ಯಾವುದೋ ಮದುವೆಯ ವಿಡಿಯೋ ನೋಡುತ್ತಲೇ ಇದನ್ನು ಹೇಳಿದರು. ನಾನು ಅತ್ತುಬಿಡುತ್ತೇನೆಂದು ಹೆದರಿದ್ದರೋ ಏನೋ, ನನ್ನ ಮುಖ ನೋಡಲಿಲ್ಲ. ನನಗೆ ಅಳು ಬರಲಿಲ್ಲ. ಫ್ಯಾನ್ ಹಾಕಬಹುದಲ್ಲ ಎಂಬ ಯೋಚನೆ ಮೊದಲು ಬಂತು. ಮೈಕು ತೆರೆದಿರುವಾಗ ಫ್ಯಾನ್ ತಿರುಗಬಾರದು.

ಈ ಕೋಣೆ ನಿಮಗೆ ನೆನಪಿರಬೇಕು. ಮೊದಲು ಬೀಜದ ಗೋದಾಮಾಗಿತ್ತು. ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿ, ಸದ್ದು ಹೀರಲೆಂದು ಗೋಡೆಗೆಲ್ಲ ತತ್ತಿಯ ತಟ್ಟೆ ಅಂಟಿಸಿದ್ದಾರೆ. ನೀವು ಇಲ್ಲಿಯೇ ಕೂತು ಕಾಲುಬಾಯಿ ಜ್ವರದ ಬಗ್ಗೆ ಮಾತಾಡಿದ್ದು. ದನದ ಆಸ್ಪತ್ರೆಯಲ್ಲಿ ಎಂಥ ಹೋರಿಗೂ ಅಂಜದವರು, ಮೈಕು ಕಂಡು ತಡವರಿಸಿದಿರಿ. ಮೂರು ಸಲ ರೆಕಾರ್ಡ್ ಮಾಡಿಸಿದೆ. ಮೂರನೆಯ ಸಲ ನಿಮ್ಮ ಮಾತು ಸರಿಯಾಗಿಯೇ ಇತ್ತು. ಇನ್ನೊಂದು ಸಲ ಮಾಡಿಸಲು ಕಾರಣ ಸಿಗಲಿಲ್ಲ. ಇದನ್ನು ನಿಮಗೆ ಮೊದಲು ಹೇಳಿರಲಿಲ್ಲ.

ಈಗ ನಿಮ್ಮ ಚೀಟಿಯ ವಿಷಯ.

ಮೂರು ವರ್ಷದ ಹಿಂದೆ ನೀವು ಮೊದಲ ಸಲ ಸಹಿ ಕೇಳಿದಾಗ ನಾನು ಕೊಟ್ಟ ಉತ್ತರ ಇದು: ತೇರಗಾಂವದಲ್ಲಿ ನಿಮ್ಮವ್ವ ಪ್ರತಿ ಗುರುವಾರ ಸಂಜೆ ಐದಕ್ಕೆ ರೇಡಿಯೋ ಮುಂದೆ ಕೂಡುತ್ತಾಳೆ. ಕೋರಿಕೆ ಹಾಡುಗಳಲ್ಲಿ ನಮ್ಮಿಬ್ಬರ ಹೆಸರು ಒಟ್ಟಿಗೆ ಕೇಳುತ್ತಾಳೆ. ನಿಮಗೆ ಮುಂಡಗೋಡಕ್ಕೆ ವರ್ಗವಾಗಿದೆ, ನನಗೆ ಇಲ್ಲಿ ಕೆಲಸವಿದೆ, ಇಷ್ಟೇ ಎಂದು ನಂಬಿದ್ದಾಳೆ. ಅವಳು ಕೇಳುತ್ತಿರುವ ತನಕ ನಾನು ಸಹಿ ಮಾಡಲಾರೆ. ಒಂದು ಕಡೆ ಬೇರೆಯಾಗಿ ಇನ್ನೊಂದು ಕಡೆ ಜೊತೆಯಾಗಿ ಓದುವುದು ನನ್ನಿಂದಾಗದು.

ಅದಕ್ಕೆ ನೀವು ಒಪ್ಪಿದಿರಿ. ಅವ್ವನ ಮಾತು ಬಂದರೆ ನೀವು ಒಪ್ಪುತ್ತೀರೆಂದು ನನಗೆ ಗೊತ್ತಿತ್ತು.

ಹೆಸರು ಓದಿಸುವುದನ್ನು ಶುರು ಮಾಡಿದವರು ನೀವೇ. ಮುಂಡಗೋಡಕ್ಕೆ ಹೋದ ಮೊದಲ ವರ್ಷ ವಾರಕ್ಕೊಂದು ಕಾರ್ಡು ಬರುತ್ತಿತ್ತು. ಕೋರುವವರು: ತೇರಗಾಂವದ ಹೊಳೆವ್ವ, ಮುಂಡಗೋಡದ ಮೌನೇಶ, ಹಳಿಯಾಳದ ದಾನೇಶ್ವರಿ. ನಮ್ಮ ಪ್ರಸಾರ ಮುಂಡಗೋಡವನ್ನು ಮುಟ್ಟುವುದಿಲ್ಲ. ನಿಮಗೆ ಕೇಳದ ಹಾಡನ್ನು ನೀವು ಕೋರುತ್ತಿದ್ದಿರಿ. ಆಗ ಅದು ಪ್ರೀತಿಯ ಹಾಗೆ ಕಂಡಿತ್ತು. ಮುಂದಿನ ಮಳೆಗಾಲಕ್ಕೆ ಕಾರ್ಡು ನಿಂತಿತು.

ನಾನು ಓದುವುದನ್ನು ನಿಲ್ಲಿಸಲಿಲ್ಲ. ಎಂಟು ವರ್ಷ, ಕೈಯಲ್ಲಿ ಕಾರ್ಡು ಇಲ್ಲದೆ ಆ ಮೂರು ಹೆಸರು ಓದಿದ್ದೇನೆ. ಇದೂ ನಿಮಗೆ ಗೊತ್ತಿರಲಿಲ್ಲ. ನೀವು ಕಾರ್ಡು ಕಳಿಸುವುದನ್ನು ಮರೆತದ್ದನ್ನೇ ಮರೆತಿದ್ದಿರಿ ಎಂದು ಕಾಣುತ್ತದೆ.

ಹೆಸರಿಗೆ ಒಂದು ಕಾಲದಲ್ಲಿ ಎಷ್ಟು ಬೆಲೆ ಇತ್ತೆಂದರೆ, ಮಂಗಳವಾಡದ ಗೋದುಬಾಯಿ ಎಂಬಾಕೆ ಒಮ್ಮೆ ಬಸ್ಸು ಹಿಡಿದು ಜಗಳಕ್ಕೇ ಬಂದಿದ್ದಳು. ಅವರ ಮನೆಯಿಂದ ಹತ್ತೊಂಬತ್ತು ಹೆಸರಿನ ಕಾರ್ಡು ಬಂದಿತ್ತು, ಇದ್ದಂತೆ ಓದಿದ್ದೆ. "ಏನ್ರೀ ಬಾಯಾರ, ನಾ ಹಿರೇ ಸೊಸಿ ಅದೀನಿ. ನನ್ನ ಹೆಸರು ಎಮ್ಮಿ ಹೆಸರಿನ ಹಿಂದ ಓದೀರಲ್ಲ, ಊರಾಗ ಹೆಂಗ ತಿರಗ್ಯಾಡಲಿ?" ಅಂದಳು. ಗೌರಿ ಎಂಬುದು ಎಮ್ಮೆಯೆಂದು ನನಗೇನು ಗೊತ್ತು? ಮುಂದಿನ ವಾರ ಆಕೆಯ ಹೆಸರನ್ನು ಎಲ್ಲರಿಗಿಂತ ಮುಂಚೆ ಓದಿದೆ. ಅದರ ಮುಂದಿನ ವಾರ ಆಕೆಯ ಅತ್ತೆ ಬಂದಳು.

ಈಚೆಗೆ ಅದೇ ಗೋದುಬಾಯಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಿವಿಯಲ್ಲಿ ಇಯರ್‌ಫೋನು. ಬಾನುಲಿ ಕೇಳ್ತೀರೇನು ಎಂದು ಕೇಳಿದೆ. "ಯಾಕ್ರೀ ಬಾಯಾರ, ಈಗ ನಮ್ಮ ಹಾಡು ನಾವ ಹಾಕ್ಕೋತೇವಿ, ಸ್ಟೇಟಸ್‌ನ್ಯಾಗ. ಯಾರ್ಯಾರು ನೋಡಿದ್ರು ಅಂತ ಅವರ ಹೆಸರು ಸೈತ ಬರ್ತಾವು" ಅಂದಳು. ತೋರಿಸಿಯೂ ತೋರಿಸಿದಳು. ನಲವತ್ತೊಂದು ಮಂದಿ ನೋಡಿದ್ದರು. ಹಿರಿಯರು ಕಿರಿಯರೆನ್ನದೆ, ನೋಡಿದ ಹೊತ್ತಿನ ಪ್ರಕಾರ ಹೆಸರುಗಳು ಸಾಲಾಗಿ ನಿಂತಿದ್ದವು.

ನಮ್ಮಲ್ಲಿ ಹಾಗಿಲ್ಲ. ಯಾರು ಕೇಳಿದರು, ಯಾರು ಕೇಳಲಿಲ್ಲ ಎಂದು ತಿಳಿಯುವ ಉಪಾಯವೇ ಇಲ್ಲ. ಗೋಡೆಯ ಎದುರು ಕೂತು ಆಡಿದ ಮಾತು ಎಲ್ಲೋ ಮುಟ್ಟಿತೆಂದು ತಿಳಿದುಕೊಂಡು ಮುಂದಿನದನ್ನು ಆಡಬೇಕು. ಇದು ನನಗೆ ಒಗ್ಗಿಹೋಗಿತ್ತು. ಕೆಲಸದಲ್ಲೂ, ಮನೆಯಲ್ಲೂ.

ಕರಿಬಸಪ್ಪನವರಿಗೆ ಒಗ್ಗಲಿಲ್ಲ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅವರೊಂದು ಪರೀಕ್ಷೆ ಇಟ್ಟರು. ಗುರುವಾರದ ಕಾರ್ಯಕ್ರಮದಲ್ಲಿ ನಾನು ಹೀಗೆ ಹೇಳಬೇಕು: ಇದನ್ನು ಕೇಳಿದವರು ಶನಿವಾರದೊಳಗೆ ಕೇಂದ್ರಕ್ಕೆ ಬಂದರೆ ಒಂದು ಸ್ಟೀಲಿನ ಡಬ್ಬಿ ಕೊಡಲಾಗುವುದು. ಇಪ್ಪತ್ತೈದು ಡಬ್ಬಿ ತರಿಸಿ ಬಾಗಿಲ ಬಳಿ ಜೋಡಿಸಿದರು. ಮೂರು ಗುರುವಾರ ಹೇಳುವುದು, ಯಾರೂ ಬರದಿದ್ದರೆ ಮುಚ್ಚುವುದು ಎಂದು ಮಾತಾಯಿತು.

ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರ ದಾಂಡೇಲಿಯಿಂದ ಒಬ್ಬರು ಬಂದರು, ವಿಳಾಸ ತಪ್ಪಿ. ಮೂರನೆಯ ಶನಿವಾರ ಮಧ್ಯಾಹ್ನ, ಕರಿಬಸಪ್ಪನವರು ಡಬ್ಬಿಗಳನ್ನು ಚೀಲಕ್ಕೆ ತುಂಬಿಸುತ್ತಿರುವಾಗ ಉಳವಪ್ಪ ಬಂದ. ಬಗಲಲ್ಲಿ ಬಟ್ಟೆಯ ಚೀಲ.

"ಯಾರು ಕೇಳಿದ್ರಪಾ?" ಎಂದರು ಕರಿಬಸಪ್ಪ.

"ನಮ್ಮವ್ವರೀ" ಅಂದ ಉಳವಪ್ಪ. "ಒಂದ ಗುರುವಾರ ಬಿಡೂದಿಲ್ರಿ ಆಕಿ. ಹೊಲಾ ಮಾರೂ ಮಾತಿದ್ರೂ ಐದ ಗಂಟೆಕ್ಕ ಬಾಯಿ ಮುಚ್ಚಸ್ತಾಳು."

ಕರಿಬಸಪ್ಪನವರಿಗೆ ನಗು ಬಂತು. "ಒಬ್ಬಾಕಿ ಮುದುಕಿಗೆ ಇಷ್ಟ ದೊಡ್ಡ ಟವರ್ ಏನವಾ!" ಎಂದರು. ಆದರೂ ಮಾತಿಗೆ ತಪ್ಪುವ ಮನುಷ್ಯರಲ್ಲ. ಡಬ್ಬಿ ಕೊಟ್ಟರು, ಫೋಟೋ ತೆಗೆಸಿದರು, ಕೇಂದ್ರವನ್ನು ಮುಂದುವರಿಸಿದರು. ಒಬ್ಬಳೇ ಶ್ರೋತೃವಿನ ಮೇಲೆ ಎರಡು ವರ್ಷ ನಡೆದಿದೆ. ಅವ್ವ ಕೇಳುತ್ತಾಳೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಡಬ್ಬಿ ತೇರಗಾಂವದ ಅಡುಗೆಮನೆಯಲ್ಲಿದೆ. ಅದರಲ್ಲಿ ಶೇಂಗಾ ಚಟ್ನಿ ಇರುತ್ತದಂತೆ. ಈ ದೀಪಾವಳಿಗೆ ಹೋದಾಗ ನೀವೂ ಅದರಿಂದಲೇ ಬಡಿಸಿಕೊಂಡಿರಬೇಕು.

ಈಗಿನ ಮುಚ್ಚುವಿಕೆಗೆ ಪರೀಕ್ಷೆ ಇಲ್ಲ. ನನ್ನ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಮೊಬೈಲಿಗೆ ಹಾಕುತ್ತಾರಂತೆ. "ಇಪ್ಪತ್ನಾಕು ತಾಸೂ ತಾನ ತಿರಗ್ತಿರತೈತ್ರಿ ಬಾಯಾರ, ನೀವು ಬರೂದ ಬ್ಯಾಡ" ಎಂದರು ಕರಿಬಸಪ್ಪ. ಅದರಲ್ಲಿ ನಮ್ಮ ಹೆಸರುಗಳಿವೆ, ಅಷ್ಟನ್ನು ತೆಗೆಸಲಾಗುವುದೇ ಎಂದು ಕೇಳಿದೆ. "ನಾಕ್ನೂರು ಗುರುವಾರ ಅದಾವ. ಕುಂತು ಕತ್ತರಸಾಕ ಯಾರ ಅದಾರ?" ಎಂದರು. ಅಂದರೆ ನಾನು ಸಹಿ ಮಾಡಿದರೂ, ನೀವು ತುಳಸಾ ಅವರನ್ನು ಮದುವೆಯಾದರೂ, ಅಲ್ಲಿ ಯಾವಾಗಲೋ ಒಂದು ಹೊತ್ತಿನಲ್ಲಿ ನನ್ನ ದನಿ ನಿಮ್ಮ ಹೆಸರಿನ ಪಕ್ಕ ನನ್ನ ಹೆಸರನ್ನು ಓದುತ್ತಿರುತ್ತದೆ. ಸಹಿ ಮಾಡಿದರೂ ಹೊರಗೆ ಬರಲಾಗದ ಕೋಣೆ ಇದು.

ತುಳಸಾ ಅವರ ಹೆಸರನ್ನೂ ಉಳವಪ್ಪನೇ ಹೇಳಿದ. ಅವರು ನಾಲ್ಕು ವರ್ಷದಿಂದ ಕಾಯುತ್ತಿದ್ದಾರೆಂದೂ ಹೇಳಿದ. ಕಾಯುವವರ ಬಗ್ಗೆ ನನಗೆ ಸಿಟ್ಟಿಲ್ಲ.

ಆದ್ದರಿಂದ ನನ್ನ ಉತ್ತರ: ಈಗ ಬೇಡ. 27 ಮುಗಿಯಲಿ. ಕೊನೆಯ ಗುರುವಾರವನ್ನೂ ಅವ್ವ ಕೇಳಲಿ. ಆಮೇಲೆ ಅವಳು ಏನೆಂದುಕೊಳ್ಳುತ್ತಾಳೆ ನೋಡಿ, ಯುಗಾದಿಯ ಹೊತ್ತಿಗೆ ಯೋಚನೆ ಮಾಡೋಣ. ಕಾಗದಗಳು ನನ್ನಲ್ಲಿ ಜೋಪಾನವಾಗಿವೆ.

ಮುಂಡಗೋಡದಲ್ಲಿ ಚಳಿ ಬಿದ್ದಿರಬೇಕು. ನಿಮ್ಮ ಎದೆಯ ಕಫದ ಕಡೆ ಗಮನವಿರಲಿ.

ಇಂತು,
ದಾನೇಶ್ವರಿ

ತಾ.ಕ.

17, ಸೋಮವಾರ. ಶನಿವಾರ ಲಕೋಟೆ ಅಂಟಿಸುವ ಮೊದಲು ಓದಿ ನೋಡಿದೆ. ಉಸಿರು ತೆಗೆದುಕೊಳ್ಳುವ ಜಾಗಗಳೆಲ್ಲ ಸರಿಯಾಗಿದ್ದವು. ಅದಕ್ಕೇ ಅನುಮಾನ ಬಂತು.

ಎರಡು ವರ್ಷದ ಹಿಂದೆ, ಆ ಡಬ್ಬಿಯ ಶನಿವಾರ, ಉಳವಪ್ಪನ ಚೀಲದಲ್ಲಿ ಇದ್ದದ್ದು ಅವ್ವನ ರೇಡಿಯೋ. ಕೆಟ್ಟು ಒಂದು ತಿಂಗಳಾಗಿತ್ತು. ನನ್ನಿಂದ ರಿಪೇರಿ ಮಾಡಿಸಲು ತಂದಿದ್ದ. ಡಬ್ಬಿಯ ಸುದ್ದಿ ಅವನಿಗೆ ಗೊತ್ತೇ ಇರಲಿಲ್ಲ. ಹೊರಗೆ ಅಂಗಳದಲ್ಲೇ ಅವನ ಕೈ ಹಿಡಿದು, ಅವ್ವ ಕೇಳಿದ್ಳು ಅಂತ ಹೇಳು ಅಂದೆ. ಉಳಿದ ಮಾತನ್ನೆಲ್ಲ ಅವನೇ ಚೆನ್ನಾಗಿ ಕಟ್ಟಿದ.

ಹಳಿಯಾಳದಲ್ಲಿ ಈಗ ರೇಡಿಯೋ ಬಿಚ್ಚುವವರಿಲ್ಲ, ಎಲ್ಲರೂ ಮೊಬೈಲಿನ ಗಾಜು ಹಾಕುವವರೇ. ಕೆಟ್ಟದ್ದನ್ನು ಹಾಗೇ ವಾಪಸು ಕಳಿಸಿದೆ. ಹೊಸದೊಂದನ್ನು ಕೊಂಡು ಕೊಡಬಹುದಿತ್ತು. ಕೊಡಲಿಲ್ಲ. ನಾಳೆ ಅವಳು ಮತ್ತೆ ಕೇಳತೊಡಗಿದರೆ ನನ್ನ ದನಿಯಲ್ಲಿ ಏನಾದರೂ ಗೊತ್ತಾದೀತೆಂದು ಅಂಜಿದೆ. ಹೀಗೆ ಎರಡು ವರ್ಷ ನಿಮಗೆ ಹೇಳಿದ ಕಾರಣ ಸತ್ತ ಕಾರಣ. ನೀವು ದೀಪಾವಳಿಗೆ ಹೋದಾಗ ಗೋಡೆಯ ಗೂಡಿನಲ್ಲಿ ಬಟ್ಟೆ ಹೊದಿಸಿದ ರೇಡಿಯೋ ಕಂಡಿರುತ್ತೀರಿ. ಅದರ ಕಿವಿ ತಿರುವಿ ನೋಡಲಿಲ್ಲ. ನೀವು ತಿರುವುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ದಿನ ನಡೆಸಿದೆ.

ನಿನ್ನೆ ಉಳವಪ್ಪ ಬಂದಿದ್ದ. ಬಾನುಲಿ ಮುಚ್ಚುವುದನ್ನು ಅವ್ವನಿಗೆ ಹೇಳಿದೆಯಾ ಎಂದು ಕೇಳಿದೆ. ಅವ್ವ ಈಗಲೂ ಗುರುವಾರ ಐದಕ್ಕೆ ಗೂಡಿನ ಮುಂದೆ ಕೂಡುತ್ತಾಳೆ ಎಂದು ಹೇಳಿದ. ಹೋದ ವಾರ ಇವನಿಗೆ ತಡೆಯಲಾಗದೆ, "ಯವ್ವಾ, ಅದು ಸತ್ತ ಎರಡ ವರ್ಷಾತು. ಏನ ಕೇಳಾಕತ್ತಿ?" ಎಂದು ಕೇಳಿದನಂತೆ.

"ಗೊತ್ತೈತಿ ಸುಮ್ಕಿರೋ. ಇದು ಆಕಿ ಓದೂ ಹೊತ್ತು" ಅಂದಳಂತೆ.

ನಮ್ಮಿಬ್ಬರ ಹೆಸರು ಕೇಳದೆಯೂ ಅವಳು ನನಗಾಗಿ ಕೂಡುತ್ತಾಳೆ, ಇನ್ನು ಅವಳ ನೆವ ಹೇಳಿ ನಿಮ್ಮನ್ನು ತಡೆಯಲಾರೆ. ಏಳೂ ಕಡೆ ಸಹಿ ಮಾಡಿದ್ದೇನೆ. ಕಾಗದಗಳು ಇದರ ಜೊತೆಗೇ ಇವೆ. ಅವ್ವನಿಗೆ ಹೇಳಬೇಕಾದವರು ನೀವು. ಅದನ್ನು ಉಳವಪ್ಪನ ತಲೆಗೆ ಕಟ್ಟಬೇಡಿ. ಗುರುವಾರ ಒಂದು ಬಿಟ್ಟು ಯಾವ ದಿನವಾದರೂ ಹೋಗಿ.