ತೆಗೆದುಹಾಕಿದ ಐದನೇ ಅಧ್ಯಾಯ

ತೈಲಬಾವಿಗಳ ಸಂಶೋಧನಾ ವಿಭಾಗದ ಮಾನ್ಯ ನಿರ್ದೇಶಕರೇ,

ಕೊಳವೆಯ ಜೋಡಣೆಯನ್ನು ಸರಿಯಾಗಿ ಬಿಗಿ ಮಾಡದೆ, ತನ್ನ ಅಜಾಗ್ರತೆಯಿಂದಲೇ ಚಲುವರಾಜು ಸತ್ತನೆಂದು ನಿಮ್ಮ ಕಚೇರಿ ಅವನ ತಾಯಿಗೆ ಬರೆದ ಪತ್ರ ಸುಳ್ಳು. ಅದು ನಿಮಗೂ ಗೊತ್ತು, ನನಗೂ ಗೊತ್ತು. ಈ ಕುರಿತು ನಾನು ಕಳಿಸಿದ ಮೂರು ಪತ್ರಗಳನ್ನು ತಾವು ‘ಪರಿಶೀಲನೆಯಲ್ಲಿ’ ಇಟ್ಟು ಗೌರವಿಸಿದ್ದೀರಿ. ನಾಲ್ಕನೆಯದನ್ನು ಊರಿನವರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

೧೯೮೧ರಲ್ಲಿ ನಿಮ್ಮ ಸಂಸ್ಥೆ ಪಿಎಚ್.ಡಿ. ಮಾಡಲು ನನಗೆ ಶಿಷ್ಯವೇತನ ಕೊಟ್ಟಿತು. ಎಣ್ಣೆಬಾವಿ ಕೊರೆಯುವಾಗ ಕೊಳವೆಗಳಲ್ಲಿ ಹುಟ್ಟುವ ಕಂಪನ ನನ್ನ ವಿಷಯ. ಒಂದರ ತುದಿಗೆ ಇನ್ನೊಂದನ್ನು ತಿರುಪಿ, ಮೈಲಿಗಟ್ಟಲೆ ಉದ್ದದ ಉಕ್ಕಿನ ಕೊಳವೆಯನ್ನು ನೆಲದೊಳಗೆ ಇಳಿಸಿ ಮೇಲಿನಿಂದ ತಿರುಗಿಸುತ್ತಾರೆ. ಕೆಲವು ವೇಗಗಳಲ್ಲಿ ಅದರ ನಡುಕ ಬೆಳೆಯುತ್ತಲೇ ಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಉಕ್ಕು ದಿನಕ್ಕಿಷ್ಟು ಬಿರಿದು ಒಂದು ದಿನ ತುಂಡಾಗುತ್ತದೆ. ಬನಶಂಕರಿಯ ನಮ್ಮ ಪ್ರಯೋಗಾಲಯದಲ್ಲಿ ಇದರ ಸಣ್ಣ ಮಾದರಿಯನ್ನು ಲೇತಿನ ಮೇಲೆ ಕಡೆದು ನಿಲ್ಲಿಸಿದವನು ಮೆಕ್ಯಾನಿಕ್ ಚಲುವರಾಜು, ಪುಟ್ಟೇನಹಳ್ಳಿಯವನು. ಅವನು ಚೌಕಟ್ಟಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. ಮೀಟರಿನ ಮುಳ್ಳು ಅಲ್ಲಾಡುವ ಮೊದಲೇ, “ಇಲ್ಲಿ ನಿಲ್ಲಿಸ್ಬೇಡಿ ಸಾರ್, ಬೇಗ ದಾಟ್ಸಿ” ಎನ್ನುತ್ತಿದ್ದ. ಅವನು ಹೇಳಿದ ವೇಗವೂ ನಾನು ಲೆಕ್ಕ ಹಾಕಿದ ವೇಗವೂ ಒಂದೇ ಆಗಿರುತ್ತಿದ್ದವು. ಇಂಥ ಕೈ ನಿಮ್ಮ ಬಾವಿ ಕೊರೆಯುವ ರಿಗ್‌ನಲ್ಲಿ ಇರಬೇಕೆಂದು ಶಿಫಾರಸು ಬರೆದವನು ನಾನೇ. ೧೯೮೩ರಲ್ಲಿ ಅವನು ನಿಮ್ಮಲ್ಲಿ ಕೆಲಸಕ್ಕೆ ಸೇರಿದ. ಅದೇ ವರ್ಷ, ನಿಮ್ಮ ಬಾವಿಗಳಲ್ಲಿ ಕೊಳವೆ ಯಾವ ವೇಗದಲ್ಲಿ ತಿರುಗಬಾರದೆಂದು ನಾನು ವರದಿಯನ್ನೂ ಕಳಿಸಿದೆ. ಅದು ರಿಗ್‌ಗಳಿಗೆ ತಲುಪಲಿಲ್ಲವೆಂದು ಆಮೇಲೆ ತಿಳಿಯಿತು. ತಾವು ಅದರ ಮೇಲೆ ‘ಗೋಪ್ಯ’ ಎಂದು ಮೊಹರು ಒತ್ತಿದ್ದಿರಿ. ಯಾರಿಂದ ಗೋಪ್ಯ, ಸ್ವಾಮಿ? ಆ ಕೊಳವೆಯ ಪಕ್ಕದಲ್ಲೇ ನಿಂತು ಕೆಲಸ ಮಾಡುವವನಿಂದಲೇ?

ಮರುವರ್ಷ ನಮ್ಮ ಪ್ರಯೋಗಾಲಯಕ್ಕೆ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಗೋಣಿ ಸುತ್ತಿದ ಮುರಿದ ಕೊಳವೆ. ತಿರುಪು ಬಿಗಿಯಾಗಿಯೇ ಇತ್ತು. ಮುರಿದ ಅಂಚಿನಲ್ಲಿ ಕೆರೆಯ ನೀರು ಇಳಿದಾಗ ದಡದಲ್ಲಿ ಉಳಿಯುವಂಥ ಗೆರೆಗಳು, ಒಂದರ ಹಿಂದೆ ಒಂದು. ವಾರಗಟ್ಟಲೆ ನಡುಗಿ ಬಿರಿದ ಉಕ್ಕಿನ ಗುರುತು ಅದು. ಜೊತೆಗಿದ್ದ ಕಾಗದದಲ್ಲಿ ಕೊಳವೆ ತಿರುಗುತ್ತಿದ್ದ ವೇಗ ಬರೆದಿತ್ತು: ನಾನು ಬೇಡವೆಂದಿದ್ದ ವೇಗವೇ. ‘ಒಬ್ಬ ಕಾರ್ಮಿಕ ಮೃತ’ ಎಂದೂ ಬರೆದಿತ್ತು. ನಾನು ಹೆಸರು ಕೇಳಲಿಲ್ಲ. ನಿಮ್ಮ ರಿಗ್‌ಗಳು ಹತ್ತಾರಿವೆ, ಅವನಾಗಿರಲಾರ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಕೇಳಲು ಹೆದರಿದೆ.

ಕಂಡದ್ದನ್ನೆಲ್ಲ ಪ್ರಬಂಧದ ಐದನೇ ಅಧ್ಯಾಯವಾಗಿ ಬರೆದೆ. ಅದನ್ನು ತೆಗೆದುಹಾಕಿದರೆ ಮಾತ್ರ ಪ್ರಬಂಧ ಸಲ್ಲಿಸಲು ಒಪ್ಪಿಗೆ ಎಂದು ತಾವು ಬರೆದಿರಿ. ಒಪ್ಪಿ ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ.

ಪದವಿ ಬಂದ ವಾರ, ೧೯೮೫ರ ಜನವರಿಯಲ್ಲಿ, ಚಲುವರಾಜುವಿನ ಮನೆಗೆ ಸಿಹಿ ಕೊಟ್ಟು ಬರೋಣವೆಂದು ಸಾರಕ್ಕಿಯಲ್ಲಿ ಬಸ್ಸಿಳಿದು ಪುಟ್ಟೇನಹಳ್ಳಿಗೆ ನಡೆದೆ. ಅವನ ತಾಯಿ ಈಶ್ವರಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ಒಳಗೆ ಗೋಡೆಯ ಮೇಲೆ ಅವನ ಫೋಟೋ, ಅದಕ್ಕೆ ಹಾರ. ಅವರು ತಗಡಿನ ಡಬ್ಬಿಯಿಂದ ನಿಮ್ಮ ಇಂಗ್ಲಿಷ್ ಪತ್ರ ತೆಗೆದು ನನ್ನ ಕೈಗಿಟ್ಟರು. ಪೋಸ್ಟ್‌ಮ್ಯಾನ್ ಒಂದು ಹೇಳಿದನಂತೆ, ಪಕ್ಕದ ಮನೆಯವರು ಇನ್ನೊಂದು. “ನೀವು ದೊಡ್ಡ ಓದು ಓದ್ದೋರು, ಸರಿಯಾಗಿ ಹೇಳಿ” ಎಂದರು.

ಪತ್ರದಲ್ಲಿದ್ದ ಬಾವಿ, ತಾರೀಖು ಆ ಮರದ ಪೆಟ್ಟಿಗೆಯ ಕಾಗದದಲ್ಲಿದ್ದವೇ. ನಾನು ಓದಿ ಹೇಳಿದೆ. ನಿಮ್ಮ ಮಗ ಸರಿಯಾಗಿ ಬಿಗಿ ಮಾಡಿರಲಿಲ್ಲ, ತಪ್ಪು ಅವನದೇ ಎಂದು ಆ ಫೋಟೋದ ಎದುರಿಗೆ, ನನ್ನ ಬಾಯಿಂದಲೇ, ಅಚ್ಚಗನ್ನಡದಲ್ಲಿ ಹೇಳಿದೆ. ಕೊನೆಗೆ ‘ಇದು ಸುಳ್ಳು’ ಎಂಬ ಎರಡು ಪದ ಸೇರಿಸಬೇಕಿತ್ತು. ಸೇರಿಸಲಿಲ್ಲ. ಆಕೆ ನನಗೆ ಮಜ್ಜಿಗೆ ಕೊಟ್ಟರು.

ಅಂದಿನಿಂದ ನನ್ನ ಮನೆಯಲ್ಲಿ ಯಾವುದು ನಡುಗಿದರೂ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ. ಬೀದಿಯಲ್ಲಿ ಬಸ್ಸು ತಿರುಗಿದಾಗ ಕಿಟಕಿಯ ಗಾಜು, ನೀರೆತ್ತುವ ಪಂಪಿನ ಪೈಪು, ಹೆಂಡತಿಯ ಹೊಲಿಗೆ ಯಂತ್ರ. ಅಂಗೈ ಇಟ್ಟು ನಿಲ್ಲುತ್ತೇನೆ. ಇನ್ನೊಂದು ಅಂಗೈ ಪಕ್ಕದಲ್ಲೇ ಇದ್ದಂತಾಗುತ್ತದೆ. ಏನು ಮಾಡುತ್ತಿದ್ದೀರೆಂದು ಹೆಂಡತಿ ಜಯದೇವಿ ಮೊದಮೊದಲು ಕೇಳುತ್ತಿದ್ದಳು, ಈಗ ಹೊಲಿಗೆ ನಿಲ್ಲಿಸಿ, ನಾನು ಕೈ ತೆಗೆಯುವವರೆಗೆ ಕಾಯುತ್ತಾಳೆ.

ಕಳೆದ ಭಾನುವಾರ ಐದನೇ ಅಧ್ಯಾಯದ ಪ್ರತಿ ಹಿಡಿದು ಮತ್ತೆ ಪುಟ್ಟೇನಹಳ್ಳಿಗೆ ಹೋದೆ. ಎಲ್ಲವನ್ನೂ ಹೇಳಿದೆ, ನನ್ನ ಸಹಿಯನ್ನೂ ಬಿಡದೆ. ಈಶ್ವರಮ್ಮ ಕೇಳಿದರು.

“ನನ್ನ ಮಗ ಬಿಗಿ ಮಾಡಿದ್ದ ಅಲ್ವಾ?”

“ಮಾಡಿದ್ದ, ಅಮ್ಮ.”

“ಅವತ್ತು ಮಜ್ಜಿಗೆ ಕುಡಿಯುವಾಗ್ಲೂ ನಿಮಗೆ ಗೊತ್ತಿತ್ತಾ?”

ಹೌದೆಂದು ತಲೆಯಾಡಿಸಿದೆ. ಆಕೆ ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ.

ನನ್ನ ಬೇಡಿಕೆ ಇಷ್ಟು. ಐದನೇ ಅಧ್ಯಾಯವನ್ನು ನಿಮ್ಮ ಪ್ರತಿಯೊಂದು ರಿಗ್‌ಗೂ ಈ ತಿಂಗಳೊಳಗೆ ಕಳಿಸಿ. ಇಂದೂ ಅದೇ ವೇಗದಲ್ಲಿ ಕೊಳವೆಗಳು ತಿರುಗುತ್ತಿವೆ, ಅವುಗಳ ಪಕ್ಕದಲ್ಲಿ ಹೆಸರುಳ್ಳ ಜನ ನಿಂತಿದ್ದಾರೆ. ಚಲುವರಾಜು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದನೆಂದು ಅವನ ತಾಯಿಗೆ ಬರೆಯಿರಿ. ಕನ್ನಡದಲ್ಲಿ ಬರೆಸಿ, ತಾವೇ ಸಹಿ ಮಾಡಿ, ತಾವೇ ತಂದುಕೊಡಿ. ಆ ಮನೆಯಲ್ಲಿ ಇನ್ನು ನನ್ನ ಓದನ್ನು ಯಾರೂ ನಂಬುವುದಿಲ್ಲ.

ಇಂತಿ,
ನಾಲ್ಕು ಅಧ್ಯಾಯಗಳ ಡಾಕ್ಟರ್,
ರೇವಣಸಿದ್ದಪ್ಪ
ಜಯನಗರ, ಜುಲೈ ೧೯೮೬