ಗೆರೆಯಾಚೆ ಬಿದ್ದವರು

ಕಚೇರಿಯಿಂದ,
ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿ ನೋವು ಹೇಗಿದೆ? ಹೊಲಿಗೆ ಯಂತ್ರ ತುಳಿಯುವುದನ್ನು ಬಿಟ್ಟಿದ್ದೇನೆ ಎಂದು ಮಾತ್ರ ಬರೆಯಬೇಡ, ಅದನ್ನು ನಂಬುವಷ್ಟು ದಡ್ಡಿ ನಾನಲ್ಲ. ನಾನು ಚೆನ್ನಾಗಿದ್ದೇನೆ ಅನ್ನಬೇಕು, ಆದರೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ತಂದ ಚಹಾ ಮತ್ತೆ ಆರಿಹೋಗಿದೆ.

ನಿಮ್ಮ ಡಾಕ್ಟರು ಹೊಸ ನೋವಿನ ಮಾತ್ರೆ ತಿಂದವರ ನೋವು ದಿನದಿನಕ್ಕೆ ಇಳಿಯುವ ಗೆರೆಯ ಚಿತ್ರ ತೋರಿಸಿದರೆಂದು, "ಗೆರೆ ಎಷ್ಟು ಚೆನ್ನಾಗಿ ಇಳಿದಿದೆ ಗೊತ್ತೇನೇ, ಸೋಮವಾರದಿಂದ ಶುರು ಮಾಡ್ತೀನಿ" ಅಂತ ಫೋನಿನಲ್ಲಿ ಹಿಗ್ಗಿದೆಯಲ್ಲ, ಆ ಚಿತ್ರ ತಯಾರಾದದ್ದು ನಮ್ಮ ಈ ಮಾತ್ರೆ ಕಂಪನಿಯಲ್ಲೇ, ನನ್ನ ಪಕ್ಕದ ಮೇಜಿನಲ್ಲಿ. ಮಾಡಿದವನು ನಮ್ಮ ಅವಸರರಾಯ. ಮೋಸ ಅವನಿಗೆ ಗೊತ್ತಿಲ್ಲ, ಅಂದದ ಹುಚ್ಚು ಅಷ್ಟೇ. ನೋವನ್ನು ನಾವು ಸೊನ್ನೆಯಿಂದ ನೂರರವರೆಗೆ ಅಳೆದು, ಒಬ್ಬೊಬ್ಬ ರೋಗಿಗೂ ಅವರ ನೋವಿನ ಎತ್ತರದಲ್ಲಿ ಚುಕ್ಕೆ ಇಡುತ್ತೇವೆ. ಮೇಲುಗಡೆ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಖಾಲಿ ಕಾಣುತ್ತದೆಂದು ಅವನು ಅಳತೆಯನ್ನು ಅರವತ್ತಕ್ಕೇ ನಿಲ್ಲಿಸಿದ. ಕಂಪ್ಯೂಟರಿಗೆ ಬರೀ ಹತ್ತಿರದಿಂದ ತೋರಿಸು ಎನ್ನಲು ಬೇರೆ ಆಜ್ಞೆಯಿದೆ. ಇವನು ಕೊಟ್ಟದ್ದು ಮಿತಿ ಹಾಕುವ ಆಜ್ಞೆ. ಫೋಟೊಗೆ ಕಟ್ಟು ಹಾಕಿಸಿದರೆ ಅಂಚಿನವರು ಮರೆಯಾಗುತ್ತಾರೆ, ಮನೆಯಲ್ಲಂತೂ ಇರುತ್ತಾರೆ. ಇಲ್ಲಿ ಹಾಗಲ್ಲ. ಅರವತ್ತು ದಾಟಿದವರನ್ನೆಲ್ಲ ಕಂಪ್ಯೂಟರು ಲೆಕ್ಕದಿಂದಲೇ ಹೊರಹಾಕಿ, ಉಳಿದವರನ್ನಷ್ಟೇ ಇಟ್ಟುಕೊಂಡು ಗೆರೆ ಎಳೆಯಿತು. ಗೆರೆ ಜರ್ರನೆ ಇಳಿಯಿತು. ನಿಜ ಇಷ್ಟರೊಳಗೆ ಎಲ್ಲೋ ಇರಬಹುದು ಎಂದು ಗೆರೆಯ ಸುತ್ತ ಒಂದು ಬೂದು ಪಟ್ಟಿ ಬಿಡುತ್ತೇವೆ, ಅದೂ ದಾರದಷ್ಟು ಸಣ್ಣಗಾಯಿತು. ಎಲ್ಲರನ್ನೂ ವಾಪಸು ಸೇರಿಸಿ ನಾನು ಎಳೆದರೆ ಗೆರೆ ಇಳಿದೂ ಇಳಿಯದ ಹಾಗಿದೆ, ಪಟ್ಟಿ ಕಂಬಳಿಯಷ್ಟು ಅಗಲ.

ಮೇಲಧಿಕಾರಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು, "ಚಿತ್ರ ಆಗ್ಲೇ ಎಲ್ಲಾ ಡಾಕ್ಟರ ಕೈ ಸೇರಿದೆ. ಮುಂದಿನ ವರ್ಷ ಸರಿ ಮಾಡೋಣ, ಈಗ ಸುಮ್ನಿರಮ್ಮಾ" ಅಂದರು. ಒಳಗಿನದನ್ನು ಹೊರಗೆ ಹೇಳಿದವರಿಗೆ ಇಲ್ಲಿ ಕೆಲಸವಿಲ್ಲ ಎಂದೂ ನಯವಾಗಿ ನೆನಪಿಸಿದರು. ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿದೆ ಅಕ್ಕಾ. ಅವಸರರಾಯ ಪಾಪ, ಊಟಕ್ಕೂ ಏಳದೆ ತಲೆ ತಗ್ಗಿಸಿ ಕೂತಿದ್ದಾನೆ.

ಕೆಲಸದ ಮೇಲೆ ಇಲ್ಲಿಗೆ ಬಂದಿರುವ ಭಾವ ಸಂಜೆ ಮನೆಗೆ ಹೊರಡುತ್ತಾರೆ. ಇದನ್ನು ಅವರ ಕೈಯಲ್ಲೇ ಕೊಡುತ್ತೇನೆ. ಮಕ್ಕಳಿಗೆ ಮುತ್ತು, ನಿನ್ನ ಮಂಡಿಗೂ ಒಂದು.

ನಿನ್ನ ಹಿಂದೆಯೇ ಸುತ್ತುತ್ತಿದ್ದ
ಬಾಲ

ಇನ್ನೊಂದು ಮಾತು: ಹೊರಬಿದ್ದವರ ವಿವರ ಈಗಷ್ಟೇ ತೆಗೆದು ನೋಡಿದೆ. ಹೆಚ್ಚಿನವರು ನಿನ್ನ ಹಾಗೆ ಸಕ್ಕರೆ ಕಾಯಿಲೆಯವರು. ಮಾತ್ರೆ ತೆಗೆದುಕೊಂಡ ಮೇಲೆ ಅವರ ನೋವು ಏರಿದೆ. ಸೋಮವಾರ ಶುರು ಮಾಡಬೇಡ. ಈ ಕಾಗದವನ್ನೇ ಡಾಕ್ಟರ ಮುಂದಿಡು, ಬರೆದವರು ಯಾರೆಂದು ಕೇಳಿದರೆ ನನ್ನ ಹೆಸರು ಹೇಳು. ನಿನ್ನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹೊಲಿಯಲು ಒಬ್ಬರು ಬೇಕು ಅನ್ನುತ್ತಿದ್ದೆಯಲ್ಲ, ಯಾರನ್ನೂ ಗೊತ್ತು ಮಾಡಬೇಡ.