ಎರಡನೇ ಸಾಲು

ನಾನ್ನಾ, ಅಪ್ಪಾ,

ಅಮ್ಮ ಟಾಕೀಸಿನಲ್ಲಿ ಕೂಗಿದ್ದನ್ನು ಮಾತ್ರ ಬರೆದು, ನಾನು ಕೂಗದೆ ಕುಳಿತಿದ್ದ ಸಂಜೆಯನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ.

ನಿನ್ನೆ ತೆನಾಲಿಯಲ್ಲಿ ಅಮ್ಮನನ್ನು ಮ್ಯಾಟಿನಿಗೆ ಕರೆದುಕೊಂಡು ಹೋಗಿದ್ದೆ. ಲಂಚ ತೆಗೆದುಕೊಂಡು ಸಿಕ್ಕಿಬಿದ್ದ ನಾಟಕದ ನಟನೊಬ್ಬನ ಕಥೆ. ಕೊನೆಗೆ ಅವನು ಮತ್ತೆ ಬಣ್ಣ ಹಚ್ಚಿ, ಸತ್ಯ ಬಿಡದ ರಾಜನಾಗಿ ಪದ್ಯ ಹಾಡುತ್ತಾನೆ. ಹಾಡು ಮುಗಿದದ್ದೇ ಅಮ್ಮ ಎದ್ದು ನಿಂತು, “ಒನ್ಸ್ ಮೋರ್!” ಎಂದು ಕೂಗಿದಳು.

ಹಿಂದಿನ ಸಾಲಿನವನೊಬ್ಬ ನಕ್ಕ. “ಅಜ್ಜೀ, ಇದು ಸಿನಿಮಾ. ನೀನು ಕೂಗಿದ್ದು ಅವನಿಗೆ ಕೇಳ್ಸಲ್ಲ.”

“ಕೇಳ್ಸೋವಾಗ ನೀವ್ಯಾರೂ ಕೂಗ್ಲಿಲ್ವಲ್ಲಯ್ಯಾ,” ಎಂದಳು ಅಮ್ಮ.

ಅವನಿಗೆ ಅರ್ಥವಾಗಲಿಲ್ಲ. ನನಗಾಯಿತು.

ಲಂಚದ ಕೇಸಿನಲ್ಲಿ ತಾಲೂಕು ಕಚೇರಿಯ ನೌಕರಿ ಹೋದ ಮೂರು ವರ್ಷಕ್ಕೆ ನೀವು ಅದೇ ರಾಜನ ವೇಷದಲ್ಲಿ ರಂಗಕ್ಕೆ ಬಂದಿರಿ. ಅಂದು ಅಮ್ಮ ಜ್ವರದಲ್ಲಿ ಮಲಗಿದ್ದಳು. ಹಿಂದೆಲ್ಲ ಒನ್ಸ್ ಮೋರ್ ಎಂದು ಒಂದೇ ಪದ್ಯವನ್ನು ಮೂರು ಸಲ ಹಾಡಿಸುತ್ತಿದ್ದ ಜನ ಸುಮ್ಮನಿದ್ದರು. ನೀವು ಹಾರ್ಮೋನಿಯಂ ಕಡೆ ನೋಡುತ್ತ ಸ್ವಲ್ಪ ಕಾದಿರಿ. ನಾನು ಕಾಲೇಜಿನ ಗೆಳತಿಯರ ಜೊತೆ ಎರಡನೇ ಸಾಲಿನಲ್ಲಿದ್ದೆ. “ನಿಮ್ಮ ನಾನ್ನ ಅಲ್ವೇನೇ?” ಎಂದು ವಕುಳ ಕೇಳಿದಳು. ನಾನು ಚಪ್ಪಲಿ ಹುಡುಕುವವಳಂತೆ ಬಗ್ಗಿದೆ.

ಹಾಡು ಚೆನ್ನಾಗಿತ್ತು ಎಂದು ಆಗಲೇ ಗೊತ್ತಿತ್ತೇ, ಅಥವಾ ಈಗ ಹಾಗೆ ನೆನಪಿಸಿಕೊಳ್ಳುತ್ತಿದ್ದೇನೆಯೇ?

ಮನೆಗೆ ಬಂದು ಮುಖದ ಬಣ್ಣ ತೊಳೆಯುವಾಗ ನೀರು ಹಾಕಿದವಳು ನಾನೇ. “ಎರಡನೇ ಸಾಲಿಗೆ ಕೇಳಿಸ್ತಾ, ತಾಯಿ?” ಎಂದಷ್ಟೇ ಕೇಳಿದಿರಿ.

“ಕೇಳಿಸ್ತು” ಎಂದೆ.

ಓದಲು ನೀವಿಲ್ಲದಿದ್ದರೂ ಇದನ್ನು ನಿಮ್ಮ ನಾಟಕ ಸಮಾಜದ ವಿಳಾಸಕ್ಕೆ ಹಾಕುತ್ತೇನೆ, ನೀವು ಕೊನೆಯ ಸಲ ಬಣ್ಣ ಹಚ್ಚಿದ ಆ ಸಂಜೆಯ ತಾರೀಖಿಗೇ: ಮಾರ್ಚ್ ಒಂಬತ್ತು.